ಹೆದರಿಕೆಯ ನಡುವೆಯೂ ಹಗ್ಗ ಹಿಡಿದು ನಿಲ್ಲುವುದು: ಮಿಷನರಿಗಳನ್ನು ಬೆಂಬಲಿಸುವ ಬಗೆ

ಒಬ್ಬ ಮಿಷನರಿಯನ್ನು ಬೆಂಬಲಿಸಬೇಕೆಂದು ಮನಸ್ಸು ಮಾಡಿದ ಅನೇಕ ವಿಶ್ವಾಸಿಗಳು ಹೆದರಿಕೆಯಿಂದಾಗಿ ಮೊದಲ ಹೆಜ್ಜೆಯಲ್ಲೇ ನಿಂತುಬಿಡುತ್ತಾರೆ. ಕೊಡಲು ಆರಂಭಿಸಿ ನಡುವೆ ನಿಲ್ಲಿಸಬೇಕಾಗಿ ಬಂದರೆ ಏನು ಗತಿ, ಮನೆಯ ಅಗತ್ಯಕ್ಕೇ ಕೊರತೆಯಾದರೆ ಏನು ಮಾಡುವುದು, ನಾವು ಕಳುಹಿಸಿಕೊಟ್ಟವರಿಗೆ ಅಲ್ಲಿ ಕೇಡಾದರೆ ಅದರ ಹೊಣೆ ಯಾರದು ಎಂಬ ಯೋಚನೆಗಳು ಅವರನ್ನು ಕಾಡುತ್ತವೆ. ಹೊರಟುಹೋದವರಿಗೂ ಇಂಥದೇ ಹೆದರಿಕೆ ಇರುತ್ತದೆ. ಅವರು ಅದನ್ನು ಪತ್ರದಲ್ಲಿ ಬರೆಯುವುದಿಲ್ಲ, ಅಷ್ಟೆ. ಭಯವೆಲ್ಲ ನೀಗಿದ ಮೇಲೆ ಆರಂಭಿಸೋಣ ಎಂದು ಕಾಯುವವರು ಎಂದಿಗೂ ಆರಂಭಿಸಲಾರರು. ಆದ್ದರಿಂದ ಭಯವಿರುವಾಗಲೇ ದೇವರನ್ನು ಆತುಕೊಂಡು ಈ ಸೇವೆಯನ್ನು ನಡೆಸುವುದು ಹೇಗೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1792ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಕೆಟರಿಂಗ್ ಪಟ್ಟಣದ ಒಂದು ಮನೆಯಲ್ಲಿ ಕೆಲವೇ ಮಂದಿ ಸೇರಿ ಬ್ಯಾಪ್ಟಿಸ್ಟ್ ಮಿಷನರಿ ಸಂಘವನ್ನು ಕಟ್ಟಿದಾಗ ಅವರು ಕೊಡುವುದಾಗಿ ಒಪ್ಪಿಕೊಂಡ ಮೊತ್ತ 13 ಪೌಂಡ್, 2 ಶಿಲಿಂಗ್, 6 ಪೆನ್ಸ್ ಮಾತ್ರ. ಮರುವರ್ಷವೇ ಆ ಸಂಘದ ಮಿಷನರಿಯಾಗಿ ವಿಲಿಯಂ ಕೇರಿ ಬಂಗಾಳಕ್ಕೆ ಹಡಗು ಹತ್ತಿದರು. ಆಳವಾದ ಗಣಿಯೊಳಕ್ಕೆ ಒಬ್ಬನು ಇಳಿಯುವುದಾದರೆ ಮೇಲಿರುವವರು ಹಗ್ಗವನ್ನು ಬಿಡದೆ ಹಿಡಿದಿರಬೇಕು ಎಂಬ ಹೋಲಿಕೆ ಆ ಗೆಳೆಯರ ನಡುವೆ ಒಂದು ಒಡಂಬಡಿಕೆಯಂತೆ ಉಳಿಯಿತು. ಸಂಘದ ಕಾರ್ಯದರ್ಶಿಯಾಗಿದ್ದ ಆಂಡ್ರೂ ಫುಲ್ಲರ್ 1815ರಲ್ಲಿ ತೀರಿಕೊಳ್ಳುವ ತನಕ ಊರೂರು ತಿರುಗಿ ಕಾಣಿಕೆ ಕೂಡಿಸಿದರು, ಪತ್ರ ಬರೆದರು, ಮಿಷನರಿಗಳ ಪರವಾಗಿ ವಾದಿಸಿದರು. ಭಾರತವನ್ನು ಅವರು ಒಮ್ಮೆಯೂ ಕಾಣಲಿಲ್ಲ. ಕೇರಿ 1834ರಲ್ಲಿ ಸೆರಾಂಪುರದಲ್ಲಿ ಮರಣ ಹೊಂದಿದರು, ತಾಯ್ನಾಡಿಗೆ ಮತ್ತೆ ಮರಳಲೇ ಇಲ್ಲ. ಇಳಿದವನ ಹೆಸರು ಎಲ್ಲರಿಗೂ ಗೊತ್ತು, ಆದರೆ ಬೆಂಬಲಿಸುವವರು ಕಲಿಯಬೇಕಾದುದು ಹಗ್ಗ ಹಿಡಿದವನಿಂದ ಎಂದು ನನಗೆ ಬಲವಾಗಿ ಅನಿಸುತ್ತದೆ.

ಹಣದ ವಿಷಯದಲ್ಲಿ, ಎಷ್ಟು ಕೊಡಲಿ ಎಂದು ಕೇಳಿಕೊಳ್ಳುವ ಮೊದಲು ಎಷ್ಟು ಕಾಲ ತಪ್ಪದೆ ಕೊಡಬಲ್ಲೆ ಎಂದು ಕೇಳಿಕೊಳ್ಳಿ. ಮಿಷನರಿಯ ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಔಷಧದ ಖರ್ಚು ಇವೆಲ್ಲ ತಿಂಗಳು ತಿಂಗಳು ಬರುವಂಥವು. ಆದುದರಿಂದ ಉತ್ಸಾಹದಲ್ಲಿ ಒಮ್ಮೆ ಕೊಟ್ಟ ದೊಡ್ಡ ಕಾಣಿಕೆಗಿಂತ ನಿಗದಿಯಾದ ದಿನಕ್ಕೆ ತಲಪುವ ಚಿಕ್ಕ ಮೊತ್ತ ಅವರಿಗೆ ಹೆಚ್ಚು ನೆಮ್ಮದಿ ತರುತ್ತದೆ. ನಿಲ್ಲಿಸಲೇಬೇಕಾದ ಸಂದರ್ಭ ಬಂದರೆ ಎರಡು ಮೂರು ತಿಂಗಳು ಮುಂಚೆಯೇ ತಿಳಿಸಿಬಿಡಿ, ನಾಚಿಕೆಯಿಂದ ಮೌನವಾಗಿರಬೇಡಿ. ಲೆಕ್ಕಪತ್ರವನ್ನು ತೆರೆದು ತೋರಿಸುವ ಸಭೆ ಅಥವಾ ಮಿಷನ್ ಸಂಸ್ಥೆಯ ಮೂಲಕವೇ ಹಣ ಕಳುಹಿಸಿ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಕಾಣಿಕೆಯ ವಿಷಯದಲ್ಲಿ ಯಾರೂ ತಪ್ಪು ಹೊರಿಸಲು ಆಸ್ಪದವಿರಬಾರದೆಂದು ಅಪೊಸ್ತಲನಾದ ಪೌಲನು ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡನು (2 ಕೊರಿಂಥ 8:19–21). ಲೆಕ್ಕ ಕೇಳುವುದು ಅವಿಶ್ವಾಸವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೊಟ್ಟರೆ ನಮಗೇ ಉಳಿಯದೇನೋ ಎಂಬ ಭಯ ಕಾಡುವಾಗ ಚಾರೆಪ್ತದ ವಿಧವೆಯನ್ನು ನೆನೆದುಕೊಳ್ಳಿ (1 ಅರಸು 17). ಅವಳಲ್ಲಿದ್ದುದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ರೊಟ್ಟಿ ಕೇಳಿದ ಪ್ರವಾದಿ ಎಲೀಯನು ಅವಳ ಕಷ್ಟವನ್ನು ಕೇಳಿದ ಮೇಲೆ ಮೊದಲು ಹೇಳಿದ ಮಾತು ಹೆದರಬೇಡ ಎಂಬುದು. ಆ ಮಡಕೆ ಒಂದೇ ಸಲಕ್ಕೆ ತುಂಬಿ ತುಳುಕಿತೆಂದು ಬರೆದಿಲ್ಲ. ತೀರಿಹೋಗಲಿಲ್ಲ ಎಂದಷ್ಟೇ ಬರೆದಿದೆ. ಅಂದಂದಿನ ಹಿಟ್ಟು ಅಂದಂದಿಗೆ ಸಿಕ್ಕಿತು, ಮರುದಿನದ ನಂಬಿಕೆಯನ್ನು ಮರುದಿನವೇ ಹೊಸದಾಗಿ ತಾಳಬೇಕಾಯಿತು. ಆದರೆ ಈ ಭಾಗವನ್ನು ಓದಿ ಬಡವರನ್ನು ಒತ್ತಾಯಿಸಿ ಕಾಣಿಕೆ ಸೆಳೆಯುವವರು ದೊಡ್ಡ ಅನ್ಯಾಯ ಮಾಡುತ್ತಾರೆ. ಒಬ್ಬನಲ್ಲಿ ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ದೇವರಿಗೆ ಸಮರ್ಪಕವಾಗಿದೆಯೇ ಹೊರತು ಇಲ್ಲದ್ದನ್ನು ಆತನು ಕೇಳುವುದಿಲ್ಲ (2 ಕೊರಿಂಥ 8:12). ಸಾಲ ಮಾಡಿ ಕೊಡಬೇಡಿ.

ಪ್ರಾರ್ಥನೆಯಲ್ಲಿ ದೇವರು ಎಲ್ಲಾ ಮಿಷನರಿಗಳನ್ನು ಆಶೀರ್ವದಿಸಲಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ಸುಲಭ, ನಾನೂ ಬಹುಕಾಲ ಹಾಗೆಯೇ ಮಾಡಿದವನು. ಅದರ ಬದಲು ಅವರ ಕೊನೆಯ ಪತ್ರವನ್ನು ಎದುರಿಗಿಟ್ಟುಕೊಂಡು ಅದರಲ್ಲಿರುವ ಎರಡು ಮೂರು ವಿಷಯಗಳನ್ನು ಹೆಸರಿಟ್ಟು ಬೇಡಿ, ದಿನಾಂಕವನ್ನೂ ಬರೆದಿಡಿ. ಸಂಕೋಲೆಯಲ್ಲಿದ್ದ ಪೌಲನು ಎಫೆಸದವರಿಗೆ ಪತ್ರ ಬರೆಯುವಾಗ ತನ್ನ ಬಿಡುಗಡೆಗಾಗಿ ಪ್ರಾರ್ಥಿಸಿರಿ ಎನ್ನಲಿಲ್ಲ. ಧೈರ್ಯದಿಂದ ಮಾತಾಡುವುದಕ್ಕಾಗಿ ಪ್ರಾರ್ಥಿಸಿರಿ ಎಂದು ಬೇಡಿಕೊಂಡನು (ಎಫೆಸ 6:19–20). ಧೈರ್ಯ ತನ್ನಲ್ಲಿ ತಾನಾಗಿ ಇರುತ್ತದೆಂದು ಅವನು ಭಾವಿಸಿರಲಿಲ್ಲ. ಕೊರಿಂಥಕ್ಕೆ ತಾನು ಬಂದದ್ದು ಭಯದಿಂದಲೂ ನಡುಕದಿಂದಲೂ ಎಂದು ಅವನೇ ಒಪ್ಪಿಕೊಂಡಿದ್ದಾನೆ (1 ಕೊರಿಂಥ 2:3). ಅದೇ ಪಟ್ಟಣದಲ್ಲಿ ಒಂದು ರಾತ್ರಿ ಕರ್ತನು ದರ್ಶನದಲ್ಲಿ ಹೆದರಬೇಡ, ಸುಮ್ಮನಿರದೆ ಮಾತಾಡು, ಯಾರೂ ನಿನಗೆ ಕೇಡುಮಾಡರು ಎಂದು ಹೇಳಿದ ಮೇಲೆ ಅವನು ಒಂದು ವರ್ಷ ಆರು ತಿಂಗಳು ಅಲ್ಲಿ ಉಳಿದನು (ಅಪೊಸ್ತಲರ ಕೃತ್ಯಗಳು 18:9–11). ನಿಮ್ಮ ಮಿಷನರಿ ಗೆಳೆಯರಿಗೂ ಇದೇ ಧೈರ್ಯವನ್ನು ಬೇಡಿ, ಪ್ರಾರ್ಥಿಸಿದ ದಿನ ಒಂದು ಸಾಲು ಬರೆದು ತಿಳಿಸಿ, ಉತ್ತರ ಬರೆಯಬೇಕಿಲ್ಲ ಎಂದೂ ಸೇರಿಸಿ.

ಪತ್ರ ಬರೆಯುವಾಗ ಎಷ್ಟು ಮಂದಿ ದೀಕ್ಷಾಸ್ನಾನ ಪಡೆದರು ಎಂದು ಕೇಳಬೇಡಿ. ಆ ಪ್ರಶ್ನೆ ಅವರನ್ನು ಸಂಖ್ಯೆ ತೋರಿಸುವ ಒತ್ತಡಕ್ಕೆ ದೂಡುತ್ತದೆ. ನಿದ್ದೆ ಹೇಗಿದೆ, ಮಕ್ಕಳಿಗೆ ಗೆಳೆಯರಿದ್ದಾರೆಯೇ, ಹೆಂಡತಿ ಅಥವಾ ಗಂಡ ಹೇಗಿದ್ದಾರೆ ಎಂದು ಕೇಳಿ. ಕೇರಿಯವರ ಮಗ ಪೀಟರ್ 1794ರಲ್ಲಿ ಬಂಗಾಳದಲ್ಲಿ ತೀರಿಹೋದನು. ಅವರ ಪತ್ನಿ ಡೊರೊಥಿಯವರ ಮನಸ್ಸು ಆ ವರ್ಷಗಳಲ್ಲಿ ಕದಡಿಹೋಯಿತು, 1807ರಲ್ಲಿ ಸಾಯುವವರೆಗೂ ಅವರು ಚೇತರಿಸಿಕೊಳ್ಳಲಿಲ್ಲ. ಹಗ್ಗ ಹಿಡಿಯುವವರು ಹೋದವರ ಮನೆಮಂದಿಯೆಲ್ಲರನ್ನೂ ಹಿಡಿಯಬೇಕು. ವಸ್ತುಗಳನ್ನು ಕಳುಹಿಸುವ ಮುನ್ನ ಏನು ಬೇಕೆಂದು ವಿಚಾರಿಸಿಕೊಳ್ಳಿ, ಏಕೆಂದರೆ ಬೇಡದ ಪಾರ್ಸೆಲ್ಲಿಗೂ ಅವರೇ ಸುಂಕ ಕಟ್ಟಬೇಕಾಗಬಹುದು. ಪೌಲನು ತನ್ನ ಜೊತೆಸೇವಕ ತಿಮೊಥೆಯನಿಂದ ಕೇಳಿದ್ದು ತ್ರೋವ ಪಟ್ಟಣದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ. ಚಳಿಗಾಲಕ್ಕೆ ಮುಂಚೆಯೇ ಬಾ ಎಂದೂ ಬರೆದನು (2 ತಿಮೊಥೆಯ 4:13, 21).

ಅಪಾಯವಿರುವ ಸ್ಥಳದಲ್ಲಿ ಸೇವೆಮಾಡುವವರ ಹೆಸರು, ಚಿತ್ರ, ಊರು ಇವನ್ನು ಅವರ ಅನುಮತಿಯಿಲ್ಲದೆ ಎಲ್ಲಿಯೂ ಹಂಚಬೇಡಿ, ಸಭೆಯ ವಾಟ್ಸಾಪ್ ಗುಂಪಿನಲ್ಲಿಯೂ ಬೇಡ. ಎಂಥ ಪದಗಳನ್ನು ಬಳಸಬಾರದೆಂದು ಅವರನ್ನೇ ಕೇಳಿ ತಿಳಿದುಕೊಳ್ಳಿ.

ಇನ್ನು ಕಠಿಣವಾದ ವಿಷಯ. ಅಲ್ಲಿ ಗಲಭೆಯೆಂದು ಸುದ್ದಿ ಬರುತ್ತದೆ, ಸಂದೇಶಕ್ಕೆ ಉತ್ತರವಿಲ್ಲ, ದಿನಗಳು ಕಳೆಯುತ್ತವೆ. ಆಗ ಮೊದಲು ನಿಮ್ಮ ಹೆದರಿಕೆಯನ್ನು ಅಲಂಕಾರವಿಲ್ಲದೆ ದೇವರಿಗೆ ಹೇಳಿಬಿಡಿ. ಗತ್ ಊರಿನಲ್ಲಿ ಫಿಲಿಷ್ಟಿಯರ ಕೈಗೆ ಸಿಕ್ಕಿದ್ದ ದಾವೀದನು 56ನೆಯ ಕೀರ್ತನೆಯಲ್ಲಿ ತನಗೆ ಹೆದರಿಕೆಯಾದಾಗ ದೇವರನ್ನು ಆಶ್ರಯಿಸುವೆನೆಂದು ಹಾಡಿದನು. ಹೆದರುವುದೇ ಇಲ್ಲ ಎಂಬಲ್ಲಿಂದ ಅವನು ಆರಂಭಿಸಲಿಲ್ಲ. ಮಾತೇ ಹೊರಡದಿದ್ದರೆ, ಏನು ಮಾಡಬೇಕೋ ತಿಳಿಯದು, ನಮ್ಮ ಕಣ್ಣು ನಿನ್ನ ಮೇಲಿದೆ ಎಂದ ಯೆಹೂದದ ಅರಸ ಯೆಹೋಷಾಫಾಟನ ಪ್ರಾರ್ಥನೆ ಸಾಕು (2 ಪೂರ್ವಕಾಲವೃತ್ತಾಂತ 20:12). ಆಮೇಲೆ ಒಬ್ಬರೇ ಕೂರದೆ ಬೆಂಬಲಿಸುವ ಇನ್ನಿಬ್ಬರನ್ನು ಕೂಡಿಸಿಕೊಳ್ಳಿ, ಕಳುಹಿಸಿದ ಸಂಸ್ಥೆಯ ಒಬ್ಬರನ್ನು ಮಾತ್ರ ಸಂಪರ್ಕಿಸಿ, ಗಾಳಿಸುದ್ದಿಯನ್ನು ಮುಂದಕ್ಕೆ ದಾಟಿಸಬೇಡಿ.

ನಂಬಿಕೆಯೆಂದರೆ ಅಪಾಯದಿಂದ ಸರಿಯಬಾರದು ಎಂದು ಅವರಿಗೆ ಉಪದೇಶಿಸಲೂ ಹೋಗಬೇಡಿ. ಕೊಲ್ಲಲು ಕಾದಿದ್ದವರಿಂದ ತಪ್ಪಿಸಲು ದಮಸ್ಕದ ಗೋಡೆಯಿಂದ ಪೌಲನನ್ನು ಹೆಡಿಗೆಯಲ್ಲಿ ಇಳಿಸಿದವರು ಶಿಷ್ಯರೇ. ಏನೂ ಆಗುವುದಿಲ್ಲ ಎಂಬ ಭರವಸೆಯನ್ನೂ ನಾವು ಕೊಡಲಾರೆವು; ಕೊರಿಂಥದಲ್ಲಿ ಕೇಡಾಗದೆಂದು ಮಾತು ಕೊಟ್ಟ ಕರ್ತನೇ ಫಿಲಿಪ್ಪಿಯಲ್ಲಿ ಪೌಲನು ಏಟು ತಿನ್ನುವುದನ್ನು ತಡೆಯಲಿಲ್ಲ. ಬೆಂಕಿಯ ಕುಲುಮೆಯ ಮುಂದೆ ನಿಂತ ಮೂವರು ತಮ್ಮ ದೇವರು ಬಿಡಿಸಬಲ್ಲನು, ಬಿಡಿಸದಿದ್ದರೂ ತಾವು ಅರಸನು ನಿಲ್ಲಿಸಿದ ಬೊಂಬೆಗೆ ಅಡ್ಡಬೀಳುವುದಿಲ್ಲ ಎಂದರು (ದಾನಿಯೇಲ 3:17–18). ಆ ಬಿಡಿಸದಿದ್ದರೂ ಎಂಬ ಮಾತನ್ನು ಬಾಯಿಂದ ಹೇಳಲು ನನಗೆ ವರ್ಷಗಳು ಹಿಡಿದವು, ಈಗಲೂ ಕೆಲವು ರಾತ್ರಿ ಅದು ಗಂಟಲಲ್ಲೇ ನಿಲ್ಲುತ್ತದೆ.

ಕೆಲವರು ದಣಿದು, ಮುರಿದು, ನಡುವೆಯೇ ಹಿಂದಿರುಗುತ್ತಾರೆ. ಬಂದ ಭಾನುವಾರವೇ ಅವರನ್ನು ವೇದಿಕೆ ಹತ್ತಿಸಬೇಡಿ. ಇರಲು ಮನೆ ಹುಡುಕಿಕೊಡಿ, ಕೆಲವು ತಿಂಗಳಾದರೂ ಬೆಂಬಲವನ್ನು ಮುಂದುವರಿಸಿ, ಕುಳಿತು ಪೂರ್ತಿ ಕೇಳಿಸಿಕೊಳ್ಳಿ, ಏಕೆ ಬಂದಿರಿ ಎಂದು ಮಾತ್ರ ಚುಚ್ಚಬೇಡಿ. ಪಂಫುಲ್ಯ ಸೀಮೆಯಲ್ಲಿ ಪೌಲನನ್ನೂ ಅವನ ಜೊತೆಗಾರ ಬಾರ್ನಬನನ್ನೂ ಬಿಟ್ಟು ಹಿಂದಿರುಗಿದ ಮಾರ್ಕ ಎನಿಸಿಕೊಂಡ ಯೋಹಾನನನ್ನು ಮತ್ತೆ ಕರೆದೊಯ್ಯಲು ಪೌಲನು ಒಪ್ಪಲಿಲ್ಲ. ಬಾರ್ನಬನು ಅವನನ್ನು ಜೊತೆಗೆ ಕರಕೊಂಡು ಕುಪ್ರ ದ್ವೀಪಕ್ಕೆ ಹೊರಟನು. ವರ್ಷಗಳ ಮೇಲೆ, ಮೇಲಂಗಿಯನ್ನು ಕೇಳಿದ ಅದೇ ಪತ್ರದಲ್ಲಿ, ಮಾರ್ಕನನ್ನೂ ಕರಕೊಂಡು ಬಾ, ಅವನು ನನ್ನ ಸೇವೆಗೆ ಉಪಯುಕ್ತನು ಎಂದು ಪೌಲನೇ ಬರೆದನು.