ಪರಮಾಣು ಅಪಘಾತದ ಸ್ವತಂತ್ರ ತನಿಖೆಗೆ ತಜ್ಞರನ್ನು ಗೊತ್ತುಮಾಡಿಕೊಳ್ಳುವ ಬಗೆ

‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎನ್ನುವುದು ಸಂಸಾರಸ್ಥರಿಗೆ ಒಪ್ಪುವ ಮಾತು. ಪರಮಾಣು ಅಪಘಾತವನ್ನು ತನಿಖೆ ಮಾಡಲು ಕುಳಿತ ಆಯೋಗಕ್ಕೆ ಮಾತ್ರ ಈ ಸದ್ಗುಣವೇ ಮೊದಲ ತೊಡಕು. ರಿಯಾಕ್ಟರ್‌ನ ಒಳಗನ್ನು ಬಲ್ಲವರಲ್ಲಿ ಬಹುಪಾಲು ಜನ ಅದನ್ನು ಕಟ್ಟಿದ ಕಂಪನಿಯಲ್ಲೋ, ನಡೆಸುವ ಸಂಸ್ಥೆಯಲ್ಲೋ, ಅದಕ್ಕೆ ಪರವಾನಗಿ ಕೊಟ್ಟ ಇಲಾಖೆಯಲ್ಲೋ ಸಂಬಳ ಪಡೆದವರಾಗಿರುತ್ತಾರೆ. ಯಾರ ಉಪ್ಪನ್ನೂ ತಿನ್ನದವರಿಗೆ ರಿಯಾಕ್ಟರ್‌ನ ಪರಿಚಯ ಇರುವುದಿಲ್ಲ. ಆದ್ದರಿಂದ ಕಳಂಕವೇ ಇಲ್ಲದ ತಜ್ಞರನ್ನು ಹುಡುಕುತ್ತ ಕಾಲ ಕಳೆಯುವ ಬದಲು, ತಜ್ಞರ ಮಾತನ್ನು ಇನ್ನೊಬ್ಬರು ಪರೀಕ್ಷಿಸಲು ಸಾಧ್ಯವಾಗುವಂತಹ ಏರ್ಪಾಡನ್ನು ಮೊದಲು ಕಟ್ಟಿಕೊಳ್ಳಬೇಕು. ಇಂತಹ ಆಯೋಗದ ಕಾರ್ಯದರ್ಶಿಯ ಮೇಜಿನ ಮೇಲೆ ಮೊದಲ ತಿಂಗಳಲ್ಲಿ ಬರುವ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಜಪಾನಿನ ಫುಕುಶಿಮಾ ಪರಮಾಣು ಸ್ಥಾವರದವು. 2011ರ ಮಾರ್ಚ್ 11ರಂದು ಭೂಕಂಪ ಮತ್ತು ಸುನಾಮಿಯ ಬೆನ್ನಿಗೇ ಆದ ಆ ಅಪಘಾತವನ್ನು ಜಪಾನ್ ಸರ್ಕಾರದ ಸಮಿತಿ, ಸಂಸತ್ತಿನ ಆಯೋಗ, ಒಂದು ಖಾಸಗಿ ಪ್ರತಿಷ್ಠಾನ ಮತ್ತು ಸ್ಥಾವರದ ಒಡೆತನದ ಟೆಪ್ಕೊ ಕಂಪನಿ ತಮ್ಮ ತಮ್ಮ ರೀತಿಯಲ್ಲಿ ತನಿಖೆ ಮಾಡಿದ್ದರಿಂದ ಹೋಲಿಸಿ ನೋಡುವುದಕ್ಕೆ ಅಲ್ಲಿ ಬೇಕಾದಷ್ಟು ಸಿಗುತ್ತದೆ.

ಮೊದಲು ಪ್ರಶ್ನೆ, ಆಮೇಲೆ ತಜ್ಞ

‘ಪರಮಾಣು ತಜ್ಞರು ಬೇಕಾಗಿದ್ದಾರೆ’ ಎಂದು ಪ್ರಕಟಣೆ ಹೊರಡಿಸಿದರೆ ಬರುವವರು ಹೆಚ್ಚಾಗಿ ರಿಯಾಕ್ಟರ್ ಭೌತವಿಜ್ಞಾನಿಗಳು. ಅಪಘಾತದ ನಿಜವಾದ ಪ್ರಶ್ನೆಗಳು ಅನೇಕ ವೇಳೆ ಬೇರೆಡೆ ಇರುತ್ತವೆ. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ 1994ರ ಮೇ 13ರಂದು, ಇನ್ನೂ ನಿರ್ಮಾಣದಲ್ಲಿದ್ದ ಒಂದನೇ ಘಟಕದ ಒಳ ಗುಮ್ಮಟದ ಕಾಂಕ್ರೀಟ್ ಪದರ ಬಿರಿದು ಕೆಳಗೆ ಬಿದ್ದಿತು. ಒಳಗೆ ಇಂಧನವೇ ಇರಲಿಲ್ಲ. ಬಾಗಿದ ಗುಮ್ಮಟದಲ್ಲಿ ಉಕ್ಕಿನ ಕೇಬಲ್‌ಗಳನ್ನು ಬಿಗಿದಾಗ ಹುಟ್ಟುವ ಎಳೆತವನ್ನು ತಡೆಯಲು ಬೇಕಾದ ಅಡ್ಡ ಕಬ್ಬಿಣ ಇತ್ತೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಹೇಳಬಲ್ಲವನು ಹೀಗೆ ಕೇಬಲ್ ಬಿಗಿದು ಬಲಪಡಿಸುವ ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ ಬಲ್ಲ ಸಿವಿಲ್ ಎಂಜಿನಿಯರೇ ಹೊರತು ಯುರೇನಿಯಂ ಬಲ್ಲವನಲ್ಲ.

ಫುಕುಶಿಮಾದ ಒಂದನೇ ಘಟಕದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಹೊರಗಿನ ವಿದ್ಯುತ್ ಹೋದಾಗ ಸ್ಥಾವರಕ್ಕೆ ವಿದ್ಯುತ್ ಕೊಡಬೇಕಾದ ತುರ್ತು ಡೀಸೆಲ್ ಜನರೇಟರ್ ನಿಂತದ್ದು ಸುನಾಮಿಯಿಂದಲೋ, ಅದಕ್ಕೂ ಮೊದಲಿನ ಭೂಕಂಪದಿಂದಲೋ? ದಡದಿಂದ ಸುಮಾರು 1.5 ಕಿ.ಮೀ. ದೂರ ಸಮುದ್ರದಲ್ಲಿದ್ದ ಅಲೆ ಮಾಪಕವು ದೊಡ್ಡ ಅಲೆಯನ್ನು 15:35ಕ್ಕೆ ದಾಖಲಿಸಿತ್ತು. ಒಂದು ಜನರೇಟರ್ ಹೆಚ್ಚುಕಡಿಮೆ ಅದೇ ನಿಮಿಷದಲ್ಲಿ ನಿಂತಿತ್ತು. ಅಲೆ ದಡ ಮುಟ್ಟಲು ಹಿಡಿದ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಸಂಸದೀಯ ಆಯೋಗ, ಎಲ್ಲವನ್ನೂ ಸುನಾಮಿಯ ತಲೆಗೆ ಕಟ್ಟಲು ಬರುವುದಿಲ್ಲ ಎಂದಿತು. 2014ರಲ್ಲಿ ಜಪಾನಿನ ಹೊಸ ನಿಯಂತ್ರಣ ಪ್ರಾಧಿಕಾರ ಇದನ್ನು ಮತ್ತೆ ಪರಿಶೀಲಿಸಿ ಸುನಾಮಿಯೇ ಕಾರಣವೆಂದು ತೀರ್ಮಾನಿಸಿತು. ಯಾರು ಸರಿ ಎಂಬುದು ಹಾಗಿರಲಿ. ಈ ವಾದವನ್ನು ನಡೆಸಲು ಬೇಕಾದವರು ಅಲೆಗಳ ವೇಗ ಬಲ್ಲವರು, ಛಾಯಾಚಿತ್ರದ ಸಮಯವನ್ನು ತಾಳೆ ನೋಡಬಲ್ಲವರು ಮತ್ತು ವಿದ್ಯುತ್ ಫಲಕದ ದಾಖಲೆಯನ್ನು ಸೆಕೆಂಡಿನ ಲೆಕ್ಕದಲ್ಲಿ ಓದಬಲ್ಲವರು. ಆದಕಾರಣ ಆಯೋಗದ ಸದಸ್ಯರು ಮೊದಲು ಕುಳಿತು, ಉತ್ತರ ಸಿಗಲೇಬೇಕಾದ ಹತ್ತು ಹನ್ನೆರಡು ಪ್ರಶ್ನೆಗಳನ್ನು ಪೂರ್ಣ ವಾಕ್ಯಗಳಲ್ಲಿ ಬರೆಯಬೇಕು. ಪ್ರತಿಯೊಂದರ ಮುಂದೆ ಯಾವ ದಾಖಲೆಯಿಂದ ಉತ್ತರ ಸಿಕ್ಕೀತು, ಅದನ್ನು ಓದಬಲ್ಲವರು ಯಾರು ಎಂಬುದನ್ನು ಗುರುತಿಸಬೇಕು. ಜನರನ್ನು ತೆರವುಗೊಳಿಸಿದ ರೀತಿ, ವಿಕಿರಣದ ವೈದ್ಯಕೀಯ ಪರಿಣಾಮ, ನಿಯಂತ್ರಣ ಕೊಠಡಿಯಲ್ಲಿದ್ದವರ ಮನಸ್ಸು ಓಡಿದ ದಿಕ್ಕು, ಇವೂ ಆ ಪಟ್ಟಿಯಲ್ಲಿರಬೇಕು.

ಎಲ್ಲಿ ಹುಡುಕಬೇಕು

ಸದಸ್ಯರು ಬೇರೆ, ಸಲಹೆಗಾರ ತಜ್ಞರು ಬೇರೆ. ತೀರ್ಪಿನ ಹೊಣೆ ಸದಸ್ಯರದು. ತಜ್ಞರು ತಮಗೆ ಒಪ್ಪಿಸಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುವವರು. 1979ರ ಥ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದ ಅಪಘಾತದ ನಂತರ ಅಮೆರಿಕದ ಅಧ್ಯಕ್ಷ ಕಾರ್ಟರ್ ರಚಿಸಿದ ಹನ್ನೆರಡು ಮಂದಿಯ ಆಯೋಗಕ್ಕೆ ಗಣಿತಜ್ಞ ಜಾನ್ ಕೆಮೆನಿ ಅಧ್ಯಕ್ಷರಾಗಿದ್ದರು. ಸ್ಥಾವರದ ಪಕ್ಕದ ಊರಿನ ಒಬ್ಬ ಗೃಹಿಣಿಯೂ ಅದರಲ್ಲಿದ್ದರು. ಜಪಾನ್ ಸಂಸತ್ತಿನ ಹತ್ತು ಮಂದಿಯ ಆಯೋಗಕ್ಕೆ ವೈದ್ಯವಿಜ್ಞಾನಿ ಕಿಯೋಶಿ ಕುರೋಕಾವಾ ಅಧ್ಯಕ್ಷರು. ಭೂಕಂಪಶಾಸ್ತ್ರಜ್ಞ ಕತ್ಸುಹಿಕೊ ಇಶಿಬಾಶಿ, ನೊಬೆಲ್ ಪಡೆದ ಕೋಯಿಚಿ ತನಾಕಾ, ಜನ ತೆರವಾದ ಓಕುಮಾ ಪಟ್ಟಣದ ವಾಣಿಜ್ಯ ಮಂಡಳಿಯ ಮುಖ್ಯಸ್ಥೆ ರೆಯಿಕೊ ಹಚಿಸುಕಾ ಅದರ ಸದಸ್ಯರಾಗಿದ್ದರು. ಹೀಗೆ ವಿವಿಧ ಹಿನ್ನೆಲೆಯವರು ಕೂಡಿದಾಗ ತಜ್ಞರು ತಮ್ಮ ಪರಿಭಾಷೆಯ ಹಿಂದೆ ಅಡಗಿಕೊಳ್ಳುವುದು ಕಷ್ಟವಾಗುತ್ತದೆ.

ಉದ್ಯಮದಿಂದ ಹೊರಬಂದವರು ನನ್ನ ಅಭಿಪ್ರಾಯದಲ್ಲಿ ಎಲ್ಲರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಅದೇ ಆಯೋಗದಲ್ಲಿದ್ದ ಮಿತ್ಸುಹಿಕೊ ತನಾಕಾ ಒಂದು ಕಾಲದಲ್ಲಿ ರಿಯಾಕ್ಟರ್ ಪಾತ್ರೆಗಳ ವಿನ್ಯಾಸಕರಾಗಿದ್ದು, ಆಮೇಲೆ ಉದ್ಯಮ ತೊರೆದು ವಿಜ್ಞಾನ ಬರಹಗಾರರಾದವರು. ನಕ್ಷೆಯಲ್ಲಿ ಕಾಣದ ಸಂಗತಿ ಎಲ್ಲಿರುತ್ತದೆ ಎಂಬುದು ಇಂಥವರಿಗೆ ಗೊತ್ತಿರುತ್ತದೆ. ರಾಸಾಯನಿಕ ಕಾರ್ಖಾನೆ ಮತ್ತು ವಿಮಾನ ಅಪಘಾತಗಳ ತನಿಖೆಯಲ್ಲಿ ಪಳಗಿದವರು, ಹೊರದೇಶದ ನಿವೃತ್ತ ನಿಯಂತ್ರಕರು, ಅಳತೆಯ ಉಪಕರಣಗಳನ್ನು ಬಲ್ಲವರು ಕೂಡ ಬೇಕಾಗುತ್ತಾರೆ. ಜಪಾನ್ ಸರ್ಕಾರ ನೇಮಿಸಿದ್ದ ಯೋತಾರೊ ಹತಾಮುರಾ ಅವರ ಸಮಿತಿಯು ಮಧ್ಯಂತರ ವರದಿಯ ನಂತರ ಅಮೆರಿಕದ ರಿಚರ್ಡ್ ಮೆಸರ್ವ್, ಫ್ರಾನ್ಸ್‌ನ ಆಂದ್ರೆ-ಕ್ಲೋದ್ ಲಕೋಸ್ತ್ ಮೊದಲಾದ ಹೊರದೇಶದವರನ್ನು ಕರೆಸಿ ಅಭಿಪ್ರಾಯ ಕೇಳಿತು. ಹೊರಗಿನವರಿಗೆ ಬರೀ ವರದಿಯ ಕರಡು ತೋರಿಸಿದರೆ ಸಾಲದು, ಕಚ್ಚಾ ದಾಖಲೆಯನ್ನೂ ತೋರಿಸಬೇಕು.

ಏನನ್ನು ಬರೆಸಿಕೊಳ್ಳಬೇಕು

‘ನನಗೆ ಯಾವ ಹಿತಾಸಕ್ತಿಯೂ ಇಲ್ಲ’ ಎಂಬ ಒಂದು ಸಾಲಿನ ಘೋಷಣೆಗೆ ಬೆಲೆಯಿಲ್ಲ. ಕಳೆದ ಹತ್ತು ವರ್ಷಗಳ ಸಂಬಳ, ಸಲಹಾ ಶುಲ್ಕ, ಸಂಶೋಧನಾ ಅನುದಾನ, ತನ್ನ ವಿಭಾಗಕ್ಕೆ ಬಂದ ದೇಣಿಗೆ, ಷೇರು, ಪಿಂಚಣಿ, ಕೂತು ಬಂದ ತಾಂತ್ರಿಕ ಸಮಿತಿಗಳು, ಮುಂದೆ ಒಪ್ಪಿಕೊಂಡಿರುವ ಕೆಲಸ, ಇಷ್ಟನ್ನೂ ಸಹಿ ಸಮೇತ ಪಡೆದು ಪ್ರಕಟಿಸಬೇಕು. ತಾಂತ್ರಿಕ ಸಮಿತಿಗಳ ಬಾಬತ್ತನ್ನು ಹಗುರವಾಗಿ ಕಾಣಬಾರದು. ಸುನಾಮಿಯ ಎತ್ತರ ಲೆಕ್ಕ ಹಾಕುವ ವಿಧಾನವನ್ನು ಜಪಾನಿನಲ್ಲಿ ರೂಪಿಸಿದ್ದು ಸಿವಿಲ್ ಎಂಜಿನಿಯರ್‌ಗಳ ಸಂಘದ ಒಂದು ಸಮಿತಿ, ಅದರಲ್ಲಿ ವಿದ್ಯುತ್ ಕಂಪನಿಗಳವರೂ ಇದ್ದರು. ತಾನೇ ಬರೆದ ಮಾನದಂಡ ಸಾಕಾಗಿತ್ತೇ ಎಂದು ತೀರ್ಪು ಕೊಡುವ ಸ್ಥಾನದಲ್ಲಿ ಯಾರನ್ನೂ ಕೂರಿಸಕೂಡದು.

ಈ ನಿಯಮ ಪರಮಾಣು ವಿದ್ಯುತ್ತಿನ ವಿರೋಧಿಗಳಿಗೂ ಅನ್ವಯಿಸಬೇಕು. ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದವರು, ಚಳವಳಿಯಲ್ಲಿದ್ದವರು ಅದನ್ನು ಬರೆದುಕೊಡಲಿ. ಬರೆದುಕೊಟ್ಟ ಮಾತ್ರಕ್ಕೆ ಅವರನ್ನು ಹೊರಗಿಡಬೇಕಾಗಿಲ್ಲ. ಮುಖ್ಯವಾದ ಪ್ರಶ್ನೆಗೆ ಭಿನ್ನ ಹಿನ್ನೆಲೆಯ ಇಬ್ಬರನ್ನು ಪ್ರತ್ಯೇಕವಾಗಿ ನೇಮಿಸಿ, ಒಬ್ಬರ ಲೆಕ್ಕವನ್ನು ಇನ್ನೊಬ್ಬರಿಗೆ ತೋರಿಸದೆ ಉತ್ತರ ಪಡೆದು, ಆಮೇಲೆ ಎದುರುಬದುರು ಕೂರಿಸುವುದು ದುಬಾರಿಯಾದರೂ ಫಲ ಕೊಡುವ ಕ್ರಮ.

ಕರಾರು

ಟೆಪ್ಕೊ 2008ರಲ್ಲಿ ತನ್ನ ಅಧೀನ ಸಂಸ್ಥೆಯಿಂದ ಲೆಕ್ಕ ಹಾಕಿಸಿದಾಗ, ಮುಂದೆ ಅಪಘಾತಕ್ಕೀಡಾದ ಫುಕುಶಿಮಾ ಡಾಯಿಚಿ ಸ್ಥಾವರಕ್ಕೆ 15.7 ಮೀಟರ್ ಎತ್ತರದ ಸುನಾಮಿ ಬರಬಹುದು ಎಂಬ ಉತ್ತರ ಸಿಕ್ಕಿತ್ತು. ಕಂಪನಿ ತಡೆಗೋಡೆ ಕಟ್ಟಲಿಲ್ಲ, ಇನ್ನಷ್ಟು ಅಧ್ಯಯನವಾಗಲಿ ಎಂದು ಅದನ್ನು ಅದೇ ಎಂಜಿನಿಯರ್‌ಗಳ ಸಂಘಕ್ಕೆ ಸಾಗಹಾಕಿತು. ಲೆಕ್ಕ ಮಾಡಿದವರು ತಮ್ಮ ಕೆಲಸ ಮಾಡಿದ್ದರು. ವರದಿಯ ಹಕ್ಕು ಮಾತ್ರ ಅದಕ್ಕೆ ಹಣ ಕೊಟ್ಟವರದಾಗಿತ್ತು. ಆದ್ದರಿಂದ ತನಿಖಾ ಆಯೋಗದ ಕರಾರಿನಲ್ಲಿ, ತಜ್ಞರು ಕೊಟ್ಟ ವರದಿಯನ್ನು ಆಯೋಗ ಒಪ್ಪಲಿ ಬಿಡಲಿ, ಮುಖ್ಯ ವರದಿಯ ಜೊತೆಗೆ ಅದನ್ನು ಇಡಿಯಾಗಿ ಪ್ರಕಟಿಸತಕ್ಕದ್ದು ಎಂಬ ಷರತ್ತು ಇರಬೇಕು. ಶುಲ್ಕವನ್ನು ಕೆಲಸದ ದಿನಗಳಿಗೆ ಕಟ್ಟಬೇಕು, ತೀರ್ಮಾನಕ್ಕೆ ಅಲ್ಲ. ಲೆಕ್ಕಕ್ಕೆ ಬಳಸಿದ ಊಹೆಗಳು, ಕಂಪ್ಯೂಟರ್ ಕೋಡಿನ ಹೆಸರು ಮತ್ತು ಆವೃತ್ತಿ, ಒಳಹಾಕಿದ ಅಂಕಿಗಳು ವರದಿಯಲ್ಲಿರದಿದ್ದರೆ ಕೊನೆಯ ಕಂತನ್ನು ತಡೆಹಿಡಿಯುವ ಅಧಿಕಾರ ಇಟ್ಟುಕೊಳ್ಳಬೇಕು. ಅನುವಾದವನ್ನು ಯಾರು ಮಾಡುತ್ತಾರೆ, ಯಾರು ತಿದ್ದುತ್ತಾರೆ ಎಂಬುದನ್ನೂ ಬರೆದಿಡುವುದು ವಾಸಿ: ಸಂಸದೀಯ ಆಯೋಗದ ಇಂಗ್ಲಿಷ್ ಆವೃತ್ತಿಯ ಮುನ್ನುಡಿಯಲ್ಲಿ ಅಪಘಾತವನ್ನು ಜಪಾನಿ ಸಂಸ್ಕೃತಿಗೆ ಗಂಟುಹಾಕಿದ ಮಾತುಗಳು ಜಪಾನಿ ಆವೃತ್ತಿಯಲ್ಲಿ ಇರಲಿಲ್ಲ ಎಂಬುದು ದೊಡ್ಡ ಟೀಕೆಗೆ ಗುರಿಯಾಯಿತು.

ಭಾರತದಲ್ಲಿ ಇಂತಹ ಆಯೋಗ ರಚನೆಯಾದರೆ 1952ರ ವಿಚಾರಣಾ ಆಯೋಗಗಳ ಕಾಯ್ದೆಯ 5ಬಿ ಕಲಮು ನೆರವಿಗೆ ಬರುತ್ತದೆ. ವಿಶೇಷ ಜ್ಞಾನವುಳ್ಳವರನ್ನು ಅಸೆಸರ್‌ಗಳಾಗಿ, ಅಂದರೆ ನೆರವು ಮತ್ತು ಸಲಹೆ ಕೊಡುವವರಾಗಿ, ನೇಮಿಸಿಕೊಳ್ಳಲು ಅದು ಅಧಿಕಾರ ಕೊಡುತ್ತದೆ, ಆದರೆ ಅದು ಹೇಳುವುದು ಪ್ರಯಾಣ ಮತ್ತು ದಿನಭತ್ಯೆಯ ಬಗ್ಗೆ ಮಾತ್ರ. ತಿಂಗಳುಗಟ್ಟಲೆ ಲೆಕ್ಕ ಮಾಡಬೇಕಾದವರಿಗೆ ಅಷ್ಟು ಸಾಲದಾದ್ದರಿಂದ ಸಂಭಾವನೆಯ ಬೇರೆ ಏರ್ಪಾಡು ಬೇಕಾಗುತ್ತದೆ. ಅದೇ ಕಾಯ್ದೆಯ 8ಬಿ ಪ್ರಕಾರ, ಯಾರ ಹೆಸರಿಗೆ ಧಕ್ಕೆ ಬರಬಹುದೋ ಅವರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಡಬೇಕು. ತಜ್ಞರ ವರದಿ ಆ ಹಂತಕ್ಕೆ ಮೊದಲೇ ಕೈಸೇರುವಂತೆ ದಿನಾಂಕ ಗೊತ್ತುಮಾಡಬೇಕು. ಕಡಿಮೆ ದರದ ಟೆಂಡರ್‌ಗೆ ಕೆಲಸ ಒಪ್ಪಿಸುವ ಪದ್ಧತಿ ಇಲ್ಲಿ ಖಂಡಿತ ಸಲ್ಲದು.

ಸ್ಥಳಕ್ಕೆ ಹೋಗಿ ನೋಡುವ ಹಕ್ಕು

ತಜ್ಞರನ್ನು ನೇಮಿಸಿದ ಮೇಲೂ ಅವರು ನೋಡಬೇಕಾದದ್ದನ್ನು ನೋಡಲಾಗದಿದ್ದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಫುಕುಶಿಮಾದ ಒಂದನೇ ಘಟಕದ ನಾಲ್ಕನೇ ಮಹಡಿಯಲ್ಲಿದ್ದ ಐಸೊಲೇಷನ್ ಕಂಡೆನ್ಸರ್, ಅಂದರೆ ವಿದ್ಯುತ್ ಹೋದಾಗಲೂ ರಿಯಾಕ್ಟರ್‌ನ ಹಬೆಯನ್ನು ತಣಿಸಬೇಕಾದ ಸಾಧನ, ಭೂಕಂಪದಿಂದಲೇ ಹಾಳಾಯಿತೇ ಎಂದು ಕಣ್ಣಾರೆ ನೋಡಲು ಸಂಸದೀಯ ಆಯೋಗ 2012ರ ಆರಂಭದಲ್ಲಿ ಬಯಸಿತ್ತು. ಕಟ್ಟಡಕ್ಕೆ ಹೊದಿಕೆ ಹಾಕಿರುವುದರಿಂದ ಒಳಗೆ ಕತ್ತಲೆ ಎಂದು ಟೆಪ್ಕೊ ವಿವರಿಸಿದ ಮೇಲೆ ಆಯೋಗ ಆ ಭೇಟಿಯನ್ನು ಕೈಬಿಟ್ಟಿತು. ಹೊದಿಕೆಯ ಮೂಲಕ ಬೆಳಕು ಬರುತ್ತಿತ್ತು, ದೀಪವನ್ನೂ ಅಳವಡಿಸಲಾಗಿತ್ತು ಎಂಬುದು 2013ರ ಫೆಬ್ರುವರಿಯಲ್ಲಿ ಪತ್ರಿಕೆಯಿಂದ ಹೊರಬಿತ್ತು. ಅಷ್ಟರಲ್ಲಿ ಆಯೋಗವೇ ವಿಸರ್ಜನೆಯಾಗಿತ್ತು. ಉದ್ದೇಶಪೂರ್ವಕವಾಗಿ ಹಾಗೆ ಹೇಳಿದ್ದಲ್ಲ ಎಂದು ಕಂಪನಿ ನೇಮಿಸಿದ ಸಮಿತಿ ಹೇಳಿತು. ಉದ್ದೇಶ ಏನೇ ಇರಲಿ, ಸ್ಥಳದ ಸ್ಥಿತಿಯನ್ನು ತನಿಖೆಗೆ ಒಳಗಾದವರ ಬಾಯಿಂದಲೇ ಕೇಳಿ ನಂಬಬೇಕಾಗಿ ಬಂದದ್ದೇ ಆ ಏರ್ಪಾಡಿನ ದೋಷ.

ಇದನ್ನು ತಪ್ಪಿಸಲು ಆಯೋಗಕ್ಕೆ ತನ್ನದೇ ಆದ ವಿಕಿರಣ ಸುರಕ್ಷತಾ ಅಧಿಕಾರಿ, ವಿಕಿರಣ ಅಳೆಯುವ ತನ್ನದೇ ಡೋಸಿಮೀಟರ್ ಮತ್ತು ದೀಪ, ಸಾಧ್ಯವಾದರೆ ತನ್ನದೇ ರೋಬಾಟ್ ಇರಬೇಕು. ಪ್ರವೇಶ ನಿರಾಕರಿಸುವುದಾದರೆ ಕಾರಣವನ್ನು ಅಳತೆಗಳ ಸಮೇತ ಬರೆದುಕೊಡಬೇಕು, ಬರೆದವರು ಅದಕ್ಕೆ ಹೊಣೆಗಾರರು ಎಂಬ ನಿಯಮವಿರಬೇಕು. ದಾಖಲೆಗಳ ಮೂಲ ಪ್ರತಿಗಳನ್ನು ಆಯೋಗ ಮೊದಲ ವಾರದಲ್ಲೇ ವಶಕ್ಕೆ ತೆಗೆದುಕೊಂಡು ತಜ್ಞರಿಗೆ ತಾನೇ ಹಂಚಬೇಕು. ತಜ್ಞರು ನೇರವಾಗಿ ಕಂಪನಿಯಿಂದ ಕಾಗದ ಪಡೆಯುವಂತಾದರೆ ಯಾವುದು ಬಂತು, ಯಾವುದು ಬರಲಿಲ್ಲ ಎಂಬ ಲೆಕ್ಕ ಯಾರ ಬಳಿಯೂ ಉಳಿಯುವುದಿಲ್ಲ.

ಗೋಪ್ಯತೆ ಮತ್ತು ಕಡತಗಳ ಗತಿ

ಸಾಕ್ಷಿಗಳಿಗೆ ತಜ್ಞರು ತಮ್ಮಷ್ಟಕ್ಕೆ ಯಾವ ಭರವಸೆಯನ್ನೂ ಕೊಡಬಾರದು. ಹತಾಮುರಾ ಸಮಿತಿ ಹೊಣೆಗಾರಿಕೆ ಹೊರಿಸುವುದು ತನ್ನ ಉದ್ದೇಶವಲ್ಲ ಎಂದು ಮೊದಲೇ ಸಾರಿ 772 ಮಂದಿಯ ಹೇಳಿಕೆ ಪಡೆಯಿತು. ಸ್ಥಾವರದ ಮುಖ್ಯಸ್ಥರಾಗಿದ್ದ ಮಸಾವೊ ಯೊಶಿದಾ ಅವರ ಹೇಳಿಕೆ ಅವರ ನಿಧನದ ನಂತರ, ಪತ್ರಿಕೆಗೆ ಸೋರಿದ ಮೇಲೆ, 2014ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಯಿತು. ಸಂಸದೀಯ ಆಯೋಗ ತನ್ನ ಸಭೆಗಳನ್ನು ಜನರ ಮುಂದೆ, ನೇರ ಪ್ರಸಾರದೊಂದಿಗೆ ನಡೆಸಿತು. ಆದರೆ 1,167 ಮಂದಿಯೊಡನೆ 900 ಗಂಟೆಗಳಿಗೂ ಹೆಚ್ಚು ಕಾಲ ನಡೆಸಿದ ಸಂದರ್ಶನಗಳ ಕಡತಗಳು, ತೆರೆಯುವ ನಿಯಮವನ್ನು ಯಾರೂ ಗೊತ್ತುಮಾಡದಿದ್ದ ಕಾರಣ, ಸಂಸತ್ತಿನ ಗ್ರಂಥಾಲಯದಲ್ಲಿ ಮುಚ್ಚಿಯೇ ಉಳಿದವು. ಆದ್ದರಿಂದ ಯಾವ ಕಾಗದ ಎಷ್ಟು ವರ್ಷಗಳ ನಂತರ ಯಾರಿಗೆ ತೆರೆಯುತ್ತದೆ, ತಜ್ಞರ ಬಳಿ ಇರುವ ಪ್ರತಿಗಳನ್ನು ಯಾರು ಮರಳಿ ಪಡೆಯುತ್ತಾರೆ ಎಂಬುದನ್ನು ನೇಮಕದ ಆದೇಶದಲ್ಲೇ ಬರೆದು, ಆಯೋಗದ ಅವಧಿ ಮುಗಿಯುವ ಮೊದಲು ಆ ಕೆಲಸಕ್ಕೆಂದೇ ಒಂದು ತಿಂಗಳನ್ನು ಮೀಸಲಿಡಬೇಕು.