ಮಾಸ್ಟೋಡಾನ್‌ನಲ್ಲಿ ಕಿರುಕುಳ ತಡೆಯುವುದು ಹೇಗೆ?

ಮಾಸ್ಟೋಡಾನ್ ಒಂದು ಸಾಮಾಜಿಕ ಜಾಲತಾಣ, ಆದರೆ ಒಂದೇ ಕಂಪನಿಯ ಸೊತ್ತಲ್ಲ. ಬೇರೆ ಬೇರೆ ಜನ ನಡೆಸುವ ಸಾವಿರಾರು ಸರ್ವರ್‌ಗಳು ಇಮೇಲ್‌ನಂತೆ ಪರಸ್ಪರ ಸಂಪರ್ಕದಲ್ಲಿರುತ್ತವೆ. ಹಾಗಾಗಿ ಯಾರನ್ನೇ ಆಗಲಿ ಇಡೀ ಜಾಲದಿಂದ ಹೊರಹಾಕುವ ಅಧಿಕಾರ ಯಾರ ಕೈಯಲ್ಲೂ ಇಲ್ಲ. 2019ರಲ್ಲಿ ಗ್ಯಾಬ್ ಎಂಬ ತೀವ್ರ ಬಲಪಂಥೀಯರ ಜಾಲತಾಣ ಇದೇ ತಂತ್ರಾಂಶಕ್ಕೆ ಬಂದಾಗ ಬಹಳಷ್ಟು ಸರ್ವರ್‌ಗಳು ಅದರ ಸಂಪರ್ಕ ಕಡಿದುಕೊಂಡವು, ಆದರೆ ಅದನ್ನು ಮುಚ್ಚಿಸಲು ಯಾರಿಗೂ ಸಾಧ್ಯವಿರಲಿಲ್ಲ. ಯಾವ ಕ್ರಮ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ನಿಮ್ಮ ಕೈಯಲ್ಲಿರುವುದು. ಮ್ಯೂಟ್ ಮಾಡಿದರೆ ಅವರ ಪೋಸ್ಟ್ ನಿಮಗೆ ಕಾಣುವುದಿಲ್ಲ, ಮಾಡಿದ್ದು ಎದುರಿನವರಿಗೆ ಗೊತ್ತಾಗುವುದಿಲ್ಲ. ಬ್ಲಾಕ್ ಮಾಡಿದರೆ ಆ ಸಂಗತಿ ಅವರ ಸರ್ವರ್‌ಗೂ ಹೋಗುತ್ತದೆ, ಅವರಿಗೆ ತಿಳಿಯುವ ಸಾಧ್ಯತೆ ಇದೆ. ಲಾಗ್ ಔಟ್ ಆಗಿ ನಿಮ್ಮ ಸಾರ್ವಜನಿಕ ಪೋಸ್ಟ್ ಓದುವುದನ್ನು ಬ್ಲಾಕ್ ತಡೆಯದು. ಒಂದು ಸರ್ವರ್‌ನಿಂದ ಹಲವರು ಮುಗಿಬಿದ್ದರೆ ಇಡೀ ಡೊಮೇನನ್ನೇ, ಅಂದರೆ ಆ ಸರ್ವರನ್ನೇ, ಬ್ಲಾಕ್ ಮಾಡಬಹುದು. ಆದರೆ ಅಲ್ಲಿರುವ ನಿಮ್ಮ ಫಾಲೋವರ್‌ಗಳೂ ಹೋಗುತ್ತಾರೆ, ಬ್ಲಾಕ್ ತೆಗೆದರೂ ತಾವಾಗಿ ಮರಳುವುದಿಲ್ಲ.

ಬೆದರಿಕೆ, ಅಶ್ಲೀಲ ನಿಂದನೆ ಇದ್ದರೆ ಬ್ಲಾಕ್ ಒಂದೇ ಸಾಲದು, ದೂರು ಕೊಡಲೇಬೇಕು. ಪೋಸ್ಟಿನ ಮೂರು ಚುಕ್ಕೆ ಒತ್ತಿ ರಿಪೋರ್ಟ್ ಆರಿಸಿ. ಕಾರಣ ಕೇಳಿದಾಗ ‘ನನಗಿದು ಇಷ್ಟವಿಲ್ಲ’ ಎಂಬುದನ್ನು ಒತ್ತಬೇಡಿ: ಅದು ಮಾಡರೇಟರ್‌ಗೆ (ಸರ್ವರ್‌ನಲ್ಲಿ ದೂರು ನೋಡಿಕೊಳ್ಳುವವರಿಗೆ) ದೂರು ಕಳಿಸುವುದೇ ಇಲ್ಲ, ಮ್ಯೂಟ್ ಅಥವಾ ಬ್ಲಾಕ್ ಮಾಡಿಕೊಳ್ಳಿ ಎಂದಷ್ಟೇ ತೋರಿಸುತ್ತದೆ. ನಿಯಮ ಉಲ್ಲಂಘನೆ ಆರಿಸಿ, ಸಂಬಂಧಪಟ್ಟ ಪೋಸ್ಟ್‌ಗಳನ್ನೆಲ್ಲ ಗುರುತಿಸಿ. ಪೋಸ್ಟ್ ಕನ್ನಡದಲ್ಲಿದ್ದು ಮಾಡರೇಟರ್‌ಗೆ ಕನ್ನಡ ಬಾರದಿದ್ದರೆ ಅವರಿಗೆ ಏನೂ ತಿಳಿಯದು. ಅದಕ್ಕೇ ಟಿಪ್ಪಣಿಯಲ್ಲಿ ಇಂಗ್ಲಿಷ್ ಅರ್ಥವನ್ನೂ ಹಿನ್ನೆಲೆಯನ್ನೂ ಬರೆಯಿರಿ.

ಕೊನೆಯಲ್ಲಿ ಬರುವ, ದೂರನ್ನು ಎದುರಿನವರ ಸರ್ವರ್‌ಗೂ ಕಳಿಸುವ ‘ಫಾರ್ವರ್ಡ್’ ಆಯ್ಕೆಯನ್ನು ಹಲವರು ಗಮನಿಸುವುದಿಲ್ಲ. ಕಿರುಕುಳ ಕೊಟ್ಟವರು ಬೇರೆ ಸರ್ವರ್‌ನವರಾದರೆ ನಿಮ್ಮ ಮಾಡರೇಟರ್ ಅವರನ್ನು ನಿಮ್ಮ ಸರ್ವರ್‌ನಿಂದ ಮಾತ್ರ ದೂರವಿಡಬಲ್ಲರು, ಖಾತೆ ತೆಗೆಯುವುದು ಅವರ ಸರ್ವರ್‌ನವರ ಕೆಲಸ. ಫಾರ್ವರ್ಡ್ ಮಾಡಿದ ದೂರಿನಲ್ಲಿ ನಿಮ್ಮ ಹೆಸರು ಹೋಗುವುದಿಲ್ಲ. ಆದರೆ ಟಿಪ್ಪಣಿ ಹೋಗುತ್ತದೆ, ಅದರಲ್ಲಿ ನಿಮ್ಮ ಗುರುತು ಬಿಟ್ಟುಕೊಡಬೇಡಿ. ಆ ಸರ್ವರ್ ನಡೆಸುವವರೇ ಕಿರುಕುಳದ ಬೆನ್ನಿಗಿದ್ದಾರೆ ಅನಿಸಿದರೆ ಫಾರ್ವರ್ಡ್ ಮಾಡಲೇಬೇಡಿ.

ಮಾಡರೇಟರ್ ಎಚ್ಚರಿಕೆ ಕೊಡಬಹುದು, ಪೋಸ್ಟ್ ಅಳಿಸಬಹುದು, ಖಾತೆಯನ್ನು ‘ಲಿಮಿಟ್’ ಮಾಡಬಹುದು, ಅಂದರೆ ಅದನ್ನು ಫಾಲೋ ಮಾಡುವವರಿಗಷ್ಟೇ ಕಾಣುವಂತೆ. ಕೊನೆಯದು ಸಸ್ಪೆಂಡ್, ಅಂದರೆ ಖಾತೆಯನ್ನೇ ಪೂರ್ತಿ ಹೊರಗಿಡುವುದು. ಇಡೀ ಸರ್ವರ್ ಮೇಲೂ ಲಿಮಿಟ್, ಸಸ್ಪೆಂಡ್ ಹಾಕಬಹುದು. ದೊಡ್ಡ ಸರ್ವರ್‌ಗೆ ನೇರವಾಗಿ ಸಸ್ಪೆಂಡ್ ಹಾಕಿದರೆ ತಪ್ಪು ಮಾಡದ ಸಾವಿರಾರು ಜನರ ನಂಟೂ ಕಡಿಯುತ್ತದೆ. ಮೊದಲು ಲಿಮಿಟ್ ಹಾಕಿ ನೋಡುವುದೇ ಸರಿ.

ನಿಮ್ಮ ಖಾತೆಯ ಮೇಲೆಯೇ ಕ್ರಮ ಬಿದ್ದರೆ 20 ದಿನಗಳೊಳಗೆ ಮೇಲ್ಮನವಿ ಸಲ್ಲಿಸಿ. ಸಸ್ಪೆಂಡ್ ಆದ ಖಾತೆಯ ಮಾಹಿತಿ 30 ದಿನಗಳ ಬಳಿಕ ಪೂರ್ತಿ ಅಳಿಸಿಹೋಗುತ್ತದೆ. ಸಸ್ಪೆಂಡ್ ಆದ ಮೇಲೆ ಫಾಲೋವರ್‌ಗಳನ್ನು ಹೊಸ ಸರ್ವರ್‌ಗೆ ಕರೆದೊಯ್ಯಲಾಗದು. ಫಾಲೋ, ಬ್ಲಾಕ್ ಪಟ್ಟಿಗಳನ್ನು ಸೆಟ್ಟಿಂಗ್ಸ್‌ನ ‘ಡೇಟಾ ಎಕ್ಸ್‌ಪೋರ್ಟ್’ನಿಂದ ಆಗಾಗ ಇಳಿಸಿಟ್ಟುಕೊಳ್ಳಿ.