ಬದನೆಕಾಯಿ ಕೊಳ್ಳುವಾಗ ಮೊದಲು ತೊಟ್ಟು ನೋಡಿ

ಬದನೆಕಾಯಿ ಆರಿಸುವಾಗ ಸುಮ್ನೆ ಸಿಪ್ಪೆಯ ಹೊಳಪಿಗೆ ಮರುಳಾಗಬೇಡಿ. ನಾನು ಮೊದಲು ನೋಡುವುದು ತೊಟ್ಟು. ಅದು ಹಸಿರಾಗಿ, ಕಾಯಿಗೆ ಬಿಗಿಯಾಗಿ ಕಚ್ಚಿಕೊಂಡಿರಬೇಕು. ಕಂದಾಗಿ ಮುದುರಿದ್ದರೆ ಹಳೆಯ ಮಾಲು ಅಂತಲೇ ಲೆಕ್ಕ. ಹೆಬ್ಬೆರಳಿಂದ ಮೆಲ್ಲಗೆ ಒತ್ತಿ, ಗುಳಿ ತಕ್ಷಣ ತುಂಬಿಕೊಂಡರೆ ಎಳೆಯದು. ಬಣ್ಣ ಮಂಕಾಗಿ ಹಳದಿಗೆ ತಿರುಗಿದ್ದು ಬಲಿತದ್ದು, ಅದರಲ್ಲಿ ಬೀಜ ಜಾಸ್ತಿ, ಕಹಿಯೂ ಬರುತ್ತದೆ.

ತೂತಿಲ್ಲ ಅಂದರೆ ಹುಳ ಇಲ್ಲ ಅಂದುಕೊಳ್ಳುತ್ತೀರಿ, ಅಲ್ವಾ? ಕಾಯಿ ಕೊರಕ ಹುಳ ಸಾಮಾನ್ಯವಾಗಿ ತೊಟ್ಟಿನ ಕೆಳಗಿಂದ ಒಳಗೆ ಹೋಗುತ್ತದೆ, ಆ ಸಣ್ಣ ಗಾಯ ಮುಚ್ಚಿಹೋಗುತ್ತದೆ. ನಮಗೆ ಕಾಣುವ ದುಂಡನೆಯ ತೂತು ಅದು ಹೊರಗೆ ಬಂದ ದಾರಿ. ಅದಕ್ಕೇ ಎಣ್ಣೆಗಾಯಿಗೆ ತೊಟ್ಟು ಉಳಿಸಿ ನಾಲ್ಕು ಸೀಳು ಮಾಡಿದ ಮೇಲೆ, ಪ್ರತಿ ಕಾಯಿಯನ್ನೂ ಬೆಳಕಿಗೆ ಹಿಡಿದು, ಬೆರಳಿಂದ ಬಿಡಿಸಿ ನೋಡಿ, ಆಮೇಲೆ ಉಪ್ಪುನೀರಿಗೆ ಹಾಕಿ. ಉಪ್ಪುನೀರಲ್ಲಿದ್ದರೆ ಕಪ್ಪಾಗುವುದಿಲ್ಲ.

ಒಂದೊಂದು ಅಡುಗೆಗೆ ಒಂದೊಂದು ಬದನೆ. ಉತ್ತರ ಕರ್ನಾಟಕದಲ್ಲಿ ಮುಳಗಾಯಿ ಅಂತಾರೆ, ಗುರೆಳ್ಳು, ಶೇಂಗಾ ಪುಡಿ ತುಂಬಲು ಅಲ್ಲಿನ ಪುಟ್ಟ ಗುಂಡನೆಯದೇ ಸೊಗಸು. ವಾಂಗೀಬಾತ್‌ಗೆ ಉದ್ದನೆಯ ಹಸಿರು ಬದನೆ. ವಾಂಗಿ ಅಂದರೆ ಮರಾಠಿಯಲ್ಲಿ ಬದನೆಯೇ. ಉಡುಪಿ ಕಡೆಯ ಮಟ್ಟು ಗುಳ್ಳ ಸಿಕ್ಕರೆ ಬಿಡಬೇಡಿ, ತಿಳಿ ಹಸಿರು, ಗುಂಡಗೆ, ಸಿಪ್ಪೆ ತೆಳು, ಹುಳಿಗೆ ಅದೇ ಆಗಬೇಕು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜ ಅದು ಅಂತ ಅಲ್ಲಿಯವರು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ.

ಹಿತ್ತಲಲ್ಲಿ ಜಾಗ ಇದ್ದರೆ ನಾಲ್ಕು ಗಿಡ ಹಾಕಿ. ನಾಲ್ಕೈದು ವಾರದ ಸಸಿಯನ್ನು ಎರಡು ಅಡಿ ಅಂತರಕ್ಕೆ ನೆಡಿ, ಆದರೆ ಹಿಂದಿನ ಸಲ ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಇದ್ದ ಜಾಗದಲ್ಲಿ ಬೇಡ. ಎಲ್ಲ ಬದನೆಯ ಕುಟುಂಬಕ್ಕೇ ಸೇರಿದವು, ಮಣ್ಣಿನಲ್ಲಿ ಉಳಿದ ಸೊರಗು ರೋಗ ಇದಕ್ಕೂ ಬರುತ್ತದೆ. ಬೆಳಿಗ್ಗೆ ನೀರು ಹಾಕುವಾಗ ಗಿಡದ ಕುಡಿ ನೋಡಿ. ಉಳಿದ ಗಿಡ ನೆಟ್ಟಗಿದ್ದು ಒಂದು ಕುಡಿ ಮಾತ್ರ ಬಾಡಿ ಜೋತಿದ್ದರೆ ಅಲ್ಲಿ ಆ ಕೊರಕ ಹುಳವೇ ಇದೆ. ಬಾಡಿದ ಜಾಗದಿಂದ ಒಂದೆರಡು ಇಂಚು ಕೆಳಗೆ ಚಿವುಟಿ, ಸೋಪು ನೀರಿಗೆ ಹಾಕಿ. ಗೊಬ್ಬರದ ಗುಂಡಿಗೆ ಎಸೆದರೆ ಅಲ್ಲೇ ಚಿಟ್ಟೆಯಾಗಿ ಮತ್ತೆ ನಿಮ್ಮ ಗಿಡಕ್ಕೇ ಬರುತ್ತದೆ. ಎಲೆಗಳು ಚಿಕ್ಕದಾಗಿ ಗುಂಪುಗುಂಪಾಗಿ ಬಂದ ಗಿಡವನ್ನು ಕನಿಕರ ಮಾಡದೆ ಕಿತ್ತುಬಿಡಿ, ಅದು ಕಾಯಿ ಬಿಡುವುದಿಲ್ಲ, ಜಿಗಿಹುಳು ಆ ರೋಗವನ್ನು ಪಕ್ಕದ ಗಿಡಕ್ಕೂ ದಾಟಿಸುತ್ತದೆ.

ಕಾಯಿ ಕೊಯ್ಯುವಾಗ ಎಳೆಯಬೇಡಿ, ಕೊಂಬೆ ಸೀಳುತ್ತದೆ. ಕತ್ತರಿ ಹಿಡಿದು, ತೊಟ್ಟಿನ ಸಮೇತ ಕತ್ತರಿಸಿ.